ಲಾಂಡ್ರಿಯ ನಂಬಿಕಸ್ಥ

ಹೊಸ ಮ್ಯಾನೇಜರು ಎದುರಿನ ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಎಂದಾಗಲೇ ಕಲೆಗಾರನಿಗೆ ಎಲ್ಲೋ ಏನೋ ಎಡವಟ್ಟಿದೆ ಅನ್ನಿಸಿತ್ತು. ಇಪ್ಪತ್ತೆರಡು ವರ್ಷ ಆ ಲಾಂಡ್ರಿಯಲ್ಲಿ ದುಡಿದವನು ಅವನು. ಈ ಕೋಣೆಗೆ ಬೈಸಿಕೊಳ್ಳಲು ಬಂದಿದ್ದ, ರಜೆ ಕೇಳಲು ಬಂದಿದ್ದ, ಒಮ್ಮೆ ಸೋರುವ ಸೂರಿನ ಕೆಳಗೆ ಬಕೆಟ್ ಇಡಲೂ ಬಂದಿದ್ದ. ಕೂತಿದ್ದು ಮಾತ್ರ ಇಲ್ಲ. ಹಾಗಾಗಿ ಕುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಏಳುವವನ ಹಾಗೆ ಕೂತ. ಮ್ಯಾನೇಜರು ತಾವೇ ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದರು. ಹಬೆಯ ತೇವಕ್ಕೆ ಉಬ್ಬಿಕೊಂಡು ವರ್ಷಗಳಿಂದ ಹಾಕಲಾಗದ ಬಾಗಿಲು ಅದು. ಯಾರೋ ಅಂಚನ್ನು ಹೆರೆಸಿ ಸರಿಮಾಡಿಸಿದ್ದರು. ಬಂದು ನಾಲ್ಕು ದಿನವಾಗಿಲ್ಲ, ಯಂತ್ರಗಳ ಮುಖ ನೋಡಿಲ್ಲ, ಮೊದಲು ಬಾಗಿಲು ರಿಪೇರಿ ಮಾಡಿಸಿದ್ದಾರಲ್ಲ ಎಂದು ಕಲೆಗಾರ ಮನಸ್ಸಿನಲ್ಲೇ ಲೆಕ್ಕ ಹಾಕಿದ.

ಕಲೆಗಾರ ಎಂಬುದು ಅಡ್ಡಹೆಸರು. ಬಟ್ಟೆಗೆ ಹತ್ತಿದ ಕಲೆ ತೆಗೆಯುವುದು ಅವನ ಕೆಲಸ. ಮದುವೆಯಾದ ಹೊಸತರಲ್ಲಿ ಅವನ ಅತ್ತೆ ನೆಂಟರ ಮುಂದೆ ಲಾಂಡ್ರಿ ಎಂದು ಹೇಳಲು ಸಂಕೋಚಪಟ್ಟು, "ನಮ್ಮ ಅಳಿಯಂದಿರು ಕಲೆ ವಿಭಾಗದಲ್ಲಿದ್ದಾರೆ" ಎಂದುಬಿಟ್ಟಿದ್ದರು. ಆ ನೆಂಟರು ಬಂದು "ಹಾಡ್ತೀರೋ, ಚಿತ್ರ ಬರೀತೀರೋ?" ಎಂದು ಕೇಳಿದಾಗ ಅವನು, "ಇಲ್ಲ, ಅಳಿಸ್ತೀನಿ" ಎಂದಿದ್ದ. ಆ ಕತೆ ಲಾಂಡ್ರಿಗೂ ತಲುಪಿ, ಹೆಸರು ಅಲ್ಲೇ ಅಂಟಿಕೊಂಡಿತು. ಅಂಟಿದ್ದನ್ನು ಬಿಡಿಸುವುದೇ ಕಸುಬಾದವನಿಗೂ ಇದನ್ನು ಬಿಡಿಸಿಕೊಳ್ಳಲು ಆಗಲಿಲ್ಲ.

ಊರಿನ ಎರಡು ಆಸ್ಪತ್ರೆ, ಐದಾರು ಹೋಟೆಲುಗಳ ಬಟ್ಟೆಯೆಲ್ಲ ಆ ಲಾಂಡ್ರಿಗೇ ಬರುತ್ತಿತ್ತು. ಹಿಂಬಾಗಿಲಲ್ಲಿ ವ್ಯಾನಿನಿಂದ ಇಳಿದ ಗಂಟುಗಳನ್ನು ವಿಂಗಡಿಸಿ, ಒಗೆಯುವ ಯಂತ್ರಕ್ಕೆ ಹಾಕಿ, ಹಿಂಡಿ, ಬಿಸಿ ಉರುಳೆಗಳ ನಡುವೆ ತೂರಿಸಿದರೆ ಆ ಕಡೆಯಿಂದ ಹಾಸಿಗೆ ಹೊದಿಕೆಗಳು ಗರಿಗರಿಯಾಗಿ ಬರುತ್ತಿದ್ದವು. ಯಂತ್ರಕ್ಕೆ ಬಗ್ಗದ ಕಲೆಗಳು ಮಾತ್ರ ಉತ್ತರದ ಕಿಟಕಿಯ ಪಕ್ಕದ ಬಿಳಿ ಕಲ್ಲಿನ ಮೇಜಿಗೆ ಬರುತ್ತಿದ್ದವು. ಅಲ್ಲಿ ಕಲೆಗಾರ ಹನಿ ಹಾಕುವ ಏಳು ಬಾಟಲಿ, ಕಲೆ ಕೆರೆಯಲು ಮೂಳೆಯ ಒಂದು ಚಮಚ, ಎರಡು ಮೆತ್ತನೆ ಬ್ರಷ್ ಇಟ್ಟುಕೊಂಡು ನಿಲ್ಲುತ್ತಿದ್ದ. ರಕ್ತಕ್ಕೆ ತಣ್ಣೀರು, ಬಿಸಿ ತಾಗಿಸಿದರೆ ಕಚ್ಚಿಕೊಳ್ಳುತ್ತದೆ. ತುಕ್ಕಿಗೆ ಆಮ್ಲ, ಒಂದು ಉಸಿರು ಹೆಚ್ಚು ಬಿಟ್ಟರೆ ತೂತು. ಇವೆಲ್ಲ ಅವನ ಕೈಗೇ ಗೊತ್ತಿದ್ದವು.

ಹಳೆಯ ಮ್ಯಾನೇಜರನ್ನು ಗುಡುಗಪ್ಪ ಎಂದು ಕರೆಯುತ್ತಿದ್ದರು. ಆ ಮನುಷ್ಯನಿಗೆ ಮೆಲ್ಲಗೆ ಮಾತಾಡುವುದೇ ಬರುತ್ತಿರಲಿಲ್ಲ. ಒಮ್ಮೆ ಕಲೆಗಾರ ಹೋಟೆಲೊಂದರ ಬೆಲೆಬಾಳುವ ಮೇಜುವಸ್ತ್ರಕ್ಕೆ ಆಮ್ಲ ಹೆಚ್ಚಾಗಿ ಬಿಟ್ಟು ತೂತು ಮಾಡಿದಾಗ, ಎಲ್ಲರೆದುರು ಸೂರು ಹಾರುವಂತೆ ಕಿರುಚಾಡಿದ್ದರು. ಆದರೆ ಹೋಟೆಲಿನವನು ಬಂದಾಗ, "ಹಾಕು ಅಂತ ಹೇಳಿದ್ದು ನಾನು. ತಪ್ಪು ನಂದು" ಎಂದು ಎದೆಗೊಟ್ಟು ನಿಂತಿದ್ದರು. ಅವರ ಬಾಯಿಗೆ ಹೆದರಿ ಒಂದಿಬ್ಬರು ಹುಡುಗಿಯರು ಅತ್ತುಕೊಂಡು ಬಿಟ್ಟುಹೋಗಿದ್ದೂ ಉಂಟು, ಅವರೇನೂ ದೇವರಲ್ಲ. ಒಳ್ಳೆಯ ಮಾತೊಂದನ್ನು ಅವರ ಬಾಯಲ್ಲಿ ಕೇಳಿದವರಿರಲಿಲ್ಲ. ಆದರೂ ಹೆಚ್ಚಿನವರು ಉಳಿದುಕೊಂಡಿದ್ದರು. ಬೈಗುಳ ಬಂದರೆ ಎದುರಿಗೇ ಬರುತ್ತದೆ, ಬೆನ್ನ ಹಿಂದೆ ಏನೂ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೊಸಬರ ದನಿ ಎಷ್ಟು ಮೆತ್ತಗಿತ್ತೆಂದರೆ ಯಂತ್ರಗಳ ಸದ್ದಿನಲ್ಲಿ ಅವರ ತುಟಿ ಅಲ್ಲಾಡುವುದಷ್ಟೇ ಕಾಣುತ್ತಿತ್ತು. ಎರಡನೇ ದಿನವೇ ಅವರಿಗೆ 'ಹತ್ತಿ ಸಾಹೇಬರು' ಎಂಬ ಹೆಸರು ಬಿತ್ತು. ಆ ದಿನ ಕೋಣೆಯಲ್ಲಿ ಅವರು ಕಲೆಗಾರನಿಗೆ ಟೀ ತರಿಸಿದರು. ಮಂಡಿನೋವು ಹೇಗಿದೆ ಎಂದು ಕೇಳಿದರು. ಮಗಳು ನರ್ಸಿಂಗ್ ಓದುತ್ತಿರುವುದೂ ಅವರಿಗೆ ಗೊತ್ತಿತ್ತು.

"ಇಷ್ಟು ವರ್ಷ ನಿಮ್ಮ ಬೆಲೆ ಯಾರಿಗೂ ಗೊತ್ತಾಗಿಲ್ಲ ಅನ್ಸುತ್ತೆ," ಎಂದರು. "ನಾನು ಎಲ್ಲರನ್ನೂ ನೋಡಿದೆ. ಇಲ್ಲಿ ನಂಬೋ ಹಾಗಿರೋರು ನೀವೊಬ್ಬರೇ."

ಕಲೆಗಾರನಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೇ ಕಸಿವಿಸಿಯೂ ಆಯಿತು. ಟೀ ಮುಗಿಸಿ ಎದ್ದಾಗ ಸಾಹೇಬರು ಅವನ ಭುಜದ ಮೇಲೆ ಕೈಯಿಟ್ಟರು.

"ಇನ್ನೊಂದು ಮಾತು. ಹೇಳ್ಬಾರ್ದು, ಆದ್ರೂ ಹೇಳ್ತೀನಿ. ನಿಮ್ಮ ಕಣ್ಣು ಮೊದಲಿನ ಹಾಗಿಲ್ಲ, ಕಲೆ ಸರಿಯಾಗಿ ಕಾಣೋದಿಲ್ಲ ಅಂತ ಒಬ್ಬರು ಬಂದು ಹೇಳಿದ್ರು. ನಾನು ನಂಬಲಿಲ್ಲ ಅನ್ನಿ."

"ಯಾರು ಸಾರ್ ಹಂಗಂದಿದ್ದು?"

"ಹೆಸರು ಬೇಡ ಬಿಡಿ. ನಿಮಗೆ ಬೇಕಾದವರೇ."

ಕಲೆಗಾರ ಮೇಜಿಗೆ ಮರಳಿ ಬಂದು ನಿಂತ. ಬಾಟಲಿಯ ಮುಚ್ಚಳ ತೆಗೆದ, ಮತ್ತೆ ಹಾಕಿದ. ಮಾತು ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಅದು ನಿಜವಾಗಿತ್ತು. ಒಂದು ವರ್ಷದಿಂದ ಅವನ ಎಡಗಣ್ಣಿಗೆ ಪೊರೆ ಬರುತ್ತಿತ್ತು. ತಿಳಿ ಹಳದಿ ಕಲೆಗಳು ಬಿಳಿಯೊಳಗೆ ಕರಗಿಹೋಗುತ್ತಿದ್ದವು. ಈ ವಿಷಯವನ್ನು ಅವನು ಇಬ್ಬರಿಗೆ ಮಾತ್ರ ಹೇಳಿದ್ದ: ಒಂದು ಹೆಂಡತಿಗೆ, ಇನ್ನೊಂದು ಬಾಯ್ಲರ್ ಮಾವನಿಗೆ.

ಬಾಯ್ಲರ್ ಮಾವ ಯಾರಿಗೂ ಮಾವನಲ್ಲ. ಲಾಂಡ್ರಿಯವರೆಲ್ಲ ಹಾಗೆ ಕರೆಯುತ್ತಿದ್ದರು ಅಷ್ಟೆ. ಬೆಳಕು ಹರಿಯುವ ಮುಂಚೆಯೇ ಬಂದು ಬಾಯ್ಲರ್ ಹೊತ್ತಿಸಿ, ಏಳು ಗಂಟೆಯ ಹೊತ್ತಿಗೆ ಹಬೆ ಸಿದ್ಧ ಮಾಡಿಡುವುದು ಅವನ ಕೆಲಸ. ಮಧ್ಯಾಹ್ನ ಎರಡಕ್ಕೆ ಅವನ ರೆಪ್ಪೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಆಗ ಕಲೆಗಾರ ತನ್ನ ಬಿಡುವಿನ ಅರ್ಧ ಗಂಟೆಯನ್ನು ಬಾಯ್ಲರ್ ಕೋಣೆಯಲ್ಲಿ ಕಳೆಯುತ್ತಿದ್ದ. ಮಾವ ಗೋಣಿಚೀಲಗಳ ಮೇಲೆ ಮಲಗಿ ಗೊರಕೆ ಹೊಡೆಯುವಾಗ ಹಬೆಯ ಒತ್ತಡ ತೋರಿಸುವ ಮುಳ್ಳಿನ ಮೇಲೆ ಕಣ್ಣಿಡುವುದು ಕಲೆಗಾರನ ಪಾಲು. ಹದಿನಾಲ್ಕು ವರ್ಷದಿಂದ ನಡೆದುಬಂದ ಒಪ್ಪಂದ. ಎದ್ದಮೇಲೆ ಮಾವ ಪ್ರತಿದಿನ ಒಂದೇ ಮಾತು ಹೇಳುತ್ತಿದ್ದ: "ಇನ್ನೂ ಸಿಡಿದಿಲ್ವಾ? ಹಂಗಾದ್ರೆ ಕೆಲಸ ಮಾಡ್ಬೇಕು."

ಆ ಮಧ್ಯಾಹ್ನ ಕಲೆಗಾರ ಬಾಯ್ಲರ್ ಕೋಣೆಗೆ ಹೋದ. ಮಾವ ಎಂದಿನಂತೆ ಮಲಗಿದ. ಕಲೆಗಾರ ಮುಳ್ಳು ನೋಡುವುದು ಬಿಟ್ಟು ಮಾವನ ಮುಖವನ್ನೇ ನೋಡುತ್ತಾ ಕೂತ. ತಪ್ಪು ಮಾಡಿದವನಿಗೆ ಇಷ್ಟು ಚೆನ್ನಾಗಿ ನಿದ್ದೆ ಬರುತ್ತದೆಯೇ? ಅಥವಾ ನಿದ್ದೆಯೂ ನಾಟಕವೇ?

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನವಳು. ದಿನಕ್ಕೆ ಸಾವಿರ ಮುಖ ನೋಡಿ, ಕಂಬಿಯ ಆಚೆಯಿಂದ ಬರುವ ಸುಳ್ಳು ನಿಜಗಳನ್ನೆಲ್ಲ ಕೇಳಿ ಪಳಗಿದವಳು.

"ಅವರನ್ನೇ ಕೇಳಿಬಿಡಬಾರ್ದಾ?" ಎಂದಳು.

"ಕೇಳಿದ್ರೆ ಹೌದು, ನಾನೇ ಅಂತ ಒಪ್ಕೋತಾನಾ?"

"ಗೊತ್ತಿದ್ದೋರು ಇಬ್ಬರೇ ಅಂದ್ರೆ ನನ್ನ ಮೇಲೂ ಅನುಮಾನ ಇರ್ಬೇಕಲ್ಲ ನಿಮಗೆ?"

ಅವಳು ತಮಾಷೆಗೇ ಅಂದಿದ್ದಳು. ಆದರೆ ಕಲೆಗಾರ ಉತ್ತರ ಕೊಡಲು ತೆಗೆದುಕೊಂಡ ಹೊತ್ತು ಸ್ವಲ್ಪ ಹೆಚ್ಚೇ ಆಯಿತು. ಅವಳ ಮುಖದ ನಗು ಆರಿತು. "ಸರಿ ಹೋಯ್ತು," ಎಂದು ಒಳಗೆ ಹೋದವಳು ಎರಡು ದಿನ ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಪಕ್ಕದ ಕೋಣೆಯಿಂದ ಅತ್ತೆ, "ಏನಂತೆ? ಯಾರು ಏನಂದ್ರಂತೆ?" ಎಂದು ಕೂಗಿ ಕೇಳುತ್ತಲೇ ಇದ್ದರು. ಅವರಿಗೆ ಕಿವಿ ಮಂದ. ಈ ಮನೆಯಲ್ಲಿ ನೆಮ್ಮದಿಯಾಗಿರುವವರು ಇವರೊಬ್ಬರೇ ಎಂದು ಕಲೆಗಾರನಿಗೆ ಅನ್ನಿಸಿತು.

ಆಮೇಲಿನ ದಿನಗಳಲ್ಲಿ ಅವನ ಮೈಯೆಲ್ಲ ಕಿವಿಯಾಯಿತು. ಮಾವ ಸಾಹೇಬರ ಕೋಣೆಯಿಂದ ಬಾಯಿ ಒರೆಸಿಕೊಳ್ಳುತ್ತಾ ಹೊರಬಂದದ್ದನ್ನು ನೋಡಿದ. ಹಾಗಾದರೆ ಅವನಿಗೂ ಟೀ ಆಗಿದೆ. ಮಡಿಕೆ ಅಕ್ಕ, ಅಂದರೆ ಹೊದಿಕೆ ಮಡಿಸುವ ಮೇಜಿನ ಹಿರಿಯ ಹೆಂಗಸು, ಮುಂಚೆ ದಿನಕ್ಕೊಮ್ಮೆಯಾದರೂ "ಏನ್ ಕಲೆಗಾರ್ರೆ, ಇವತ್ತು ಯಾವ ಚಿತ್ರ ಅಳಿಸಿದ್ರಿ?" ಎಂದು ಕೂಗುತ್ತಿದ್ದವಳು, ಈಗ ಅವನನ್ನು ಕಂಡರೆ ತಲೆ ತಗ್ಗಿಸಿ ಮಡಿಸುತ್ತಿದ್ದಳು. ಅವನು ಹತ್ತಿರ ಹೋದರೆ ಮಾತು ನಿಲ್ಲುತ್ತಿತ್ತು. ದೂರ ಹೋದರೆ ಪಿಸುಗುಟ್ಟುವುದು ಶುರುವಾಗುತ್ತಿತ್ತು. ಇವರೆಲ್ಲ ತನ್ನ ಕಣ್ಣಿನ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಅವನು ನಿಶ್ಚಯಿಸಿಕೊಂಡ.

ಮೂರನೇ ಬಾರಿ ಸಾಹೇಬರು ಕರೆದು ಕೂರಿಸಿದಾಗ ಅವನಿಗೆ ಕುರ್ಚಿ ಅಭ್ಯಾಸವಾಗಿತ್ತು. ಬೆನ್ನು ಒರಗಿಸಿಯೇ ಕೂತ.

"ಬಾಯ್ಲರ್ ಹತ್ತಿರ ಎಲ್ಲಾ ಸರಿಯಾಗಿ ನಡೀತಿದೆಯಾ?" ಎಂದರು ಸಾಹೇಬರು, ಕಿಟಕಿಯ ಹೊರಗೆ ನೋಡುತ್ತಾ. "ನಿಮಗೆ ಗೊತ್ತಿರುತ್ತೆ. ಹೇಳಲೇಬೇಕು ಅಂತೇನಿಲ್ಲ."

ಕಲೆಗಾರ ಒಂದು ಗುಟುಕು ಟೀ ಕುಡಿದ. ಆಮೇಲೆ ಹೇಳಿಬಿಟ್ಟ. ಮಧ್ಯಾಹ್ನ ಎರಡರಿಂದ ಎರಡೂವರೆವರೆಗೆ ಮಾವ ನಿದ್ದೆ ಮಾಡುತ್ತಾನೆ ಎಂದ. ಆ ಹೊತ್ತಿನಲ್ಲಿ ಮುಳ್ಳು ನೋಡುವವನು ತಾನೇ ಎಂಬುದನ್ನು ಹೇಳಲಿಲ್ಲ. ಹೇಳುವಾಗ ಎದೆ ಹಗುರವಾಯಿತು. ಸೇಡು ತೀರಿತು ಅಂದುಕೊಂಡ. ಹೊರಬಂದು ತನ್ನ ಮೇಜಿಗೆ ಹೋಗುವಷ್ಟರಲ್ಲಿ ಅದು ಸೇಡಿನ ಹಾಗಿರಲಿಲ್ಲ.

ಎರಡು ದಿನ ಬಿಟ್ಟು ಹಾಜರಿ ಗಡಿಯಾರದ ಪಕ್ಕದ ಹಲಗೆಗೆ ಒಂದು ಕಾಗದ ಅಂಟಿಸಿದ್ದರು: ಬಾಯ್ಲರ್ ನೋಡಿಕೊಳ್ಳುವವರು ಕರ್ತವ್ಯದ ವೇಳೆ ನಿದ್ರಿಸಿ ಎಲ್ಲರ ಜೀವಕ್ಕೆ ಅಪಾಯ ತಂದಿದ್ದಾರೆ, ಇದು ಕೊನೆಯ ಎಚ್ಚರಿಕೆ. ಮಾವ ಅದನ್ನು ಓದಿದ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಅಂದು ಮಧ್ಯಾಹ್ನ ಕಲೆಗಾರ ಬಾಯ್ಲರ್ ಕೋಣೆಗೆ ಹೋಗಲಿಲ್ಲ, ಮತ್ತೆಂದೂ ಹೋಗಲಿಲ್ಲ. ಮೂರು ವಾರಕ್ಕೆ ಮಾವ ಕೆಲಸ ಬಿಟ್ಟ. ಹೊರಡುವ ದಿನ ಕಲ್ಲುಮೇಜಿನ ಹತ್ತಿರ ಬಂದು ನಿಂತು, "ಬರ್ತೀನಿ ಕಣಯ್ಯ" ಎಂದ. ಕಲೆಗಾರ ಬ್ರಷ್ ಆಡಿಸುತ್ತಾ "ಹ್ಞೂಂ" ಎಂದ. ತಲೆ ಎತ್ತಲಿಲ್ಲ.

ಮಾವನೇನೂ ಮೊದಲಿಗನಲ್ಲ. ಅದಕ್ಕೂ ಮುಂಚೆ ಉರುಳೆಗೆ ಬಟ್ಟೆ ತೂರಿಸುತ್ತಿದ್ದ ಅಕ್ಕತಂಗಿಯರಿಬ್ಬರು ಒಂದೇ ದಿನ ಬಿಟ್ಟಿದ್ದರು. ಆಮೇಲೆ ವ್ಯಾನ್ ಡ್ರೈವರ್, ಅವನ ಹಿಂದೆ ಗಂಟು ವಿಂಗಡಿಸುವವರಲ್ಲಿ ಮೂವರು. ಕಾರಣ ಕೇಳಿದರೆ ಒಬ್ಬರಿಗೆ ಮನೆ ದೂರ, ಒಬ್ಬರಿಗೆ ಬೆನ್ನುನೋವು, ಒಬ್ಬರಿಗೆ ಅಣ್ಣನ ಅಂಗಡಿಯಲ್ಲಿ ಜನ ಬೇಕಂತೆ. ಹತ್ತೊಂಬತ್ತು ಜನರಿದ್ದ ಕಡೆ ಎಂಟು ತಿಂಗಳಲ್ಲಿ ಹಳಬರು ಒಂಬತ್ತು ಮಂದಿ ಉಳಿದರು. ಬಂದ ಹೊಸಬರಿಗೆ ಕೆಲಸ ಕಲಿಸುವ ಉತ್ಸಾಹ ಈ ಒಂಬತ್ತು ಮಂದಿಗಿರಲಿಲ್ಲ. ಕಲಿಸಿದರೆ ನಾಳೆ ಇವನೇ ತನ್ನ ಮೇಲೆ ಚಾಡಿ ಹೇಳಿದರೆ? ಹೊಸ ಬಾಯ್ಲರಿನವನು ಹಬೆ ಸರಿಯಾಗಿ ಏರಿಸುತ್ತಿರಲಿಲ್ಲ. ಹೊದಿಕೆಗಳು ಉರುಳೆಯಿಂದ ತೇವವಾಗಿಯೇ ಬರುತ್ತಿದ್ದವು; ಮಡಿಸಿಟ್ಟಲ್ಲೇ ಮುಗ್ಗಲು ವಾಸನೆ. ಅದು ಎಲ್ಲರ ಮೂಗಿಗೂ ಬಡಿಯುತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಹಿಂದೆಲ್ಲ ಒಂದು ಹೊದಿಕೆಯ ಅಂಚು ಸೊಟ್ಟಗಾದರೆ ಬಿಚ್ಚಿ ಮತ್ತೆ ಮಡಿಸುತ್ತಿದ್ದ ಮಡಿಕೆ ಅಕ್ಕ ಈಗ ಸೊಟ್ಟಗಿದ್ದುದನ್ನು ಹಾಗೇ ಪೇರಿಸಿ ಗಡಿಯಾರ ನೋಡುತ್ತಿದ್ದಳು.

ಈ ಮಧ್ಯೆ ಸಾಹೇಬರು ಕಲೆಗಾರನ ಫೋಟೋವನ್ನು ಹಲಗೆಗೆ ಹಾಕಿಸಿದರು. ಕೆಳಗೆ 'ತಿಂಗಳ ಅತ್ಯುತ್ತಮ ಕೆಲಸಗಾರ' ಎಂದು ಬರೆದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಫೋಟೋದ ಬಾಯಿಯ ಮೇಲೆ ಯಾರೋ ಪೆನ್ನಿನಿಂದ ಗೀಚಿ ಉದ್ದನೆಯ ನಾಲಿಗೆ ಬಿಡಿಸಿದ್ದರು. ಯಾವ ಶಾಯಿ, ಯಾವ ಬಾಟಲಿಗೆ ಹೋಗುತ್ತದೆ ಎಂಬುದು ಕಲೆಗಾರನಿಗೆ ನೋಡಿದೊಡನೆ ಗೊತ್ತಾಯಿತು. ಆದರೂ ಒರೆಸಲಿಲ್ಲ. ಒರೆಸುವಾಗ ಯಾರಾದರೂ ನೋಡಿ ನಕ್ಕರೆ ಎಂಬ ಅಂಜಿಕೆ.

ಗಂಟು ಬಿಚ್ಚಿದ್ದು ಬಸ್ ನಿಲ್ದಾಣದಲ್ಲಿ. ಒಂದು ಶನಿವಾರ ಬೆಳಿಗ್ಗೆ ಮಡಿಕೆ ಅಕ್ಕ ಟಿಕೆಟ್ ಸಾಲಿನಲ್ಲಿ ನಿಂತಿದ್ದಳು. ಊರಾಚೆಯ ಬಿಸ್ಕತ್ತು ಕಾರ್ಖಾನೆಯಲ್ಲಿ ಕೆಲಸ ಕೇಳಲು ಹೊರಟಿದ್ದಳು. ಕೌಂಟರಿನಲ್ಲಿ ಕಲೆಗಾರನ ಹೆಂಡತಿಯನ್ನು ಕಂಡವಳೇ ಮುಖ ತಿರುಗಿಸಿದಳು.

"ಯಾಕಕ್ಕ, ಗುರುತೇ ಸಿಗದವರ ಹಾಗೆ?" ಎಂದಳು ಇವಳು.

"ಗುರುತು ಸಿಕ್ಕಿದ್ದಕ್ಕೇ ಈ ಗತಿ," ಎಂದಳು ಅಕ್ಕ. ಅವಳ ದನಿ ಏರಿತು. "ನಿಮ್ಮ ಮನೆಯವರಿಗೆ ಹೇಳಮ್ಮ. ನನ್ನ ಕೈ ನಡುಗುತ್ತೆ ಅಂತ ಸಾಹೇಬರ ಕಿವಿಗೆ ಹಾಕಿದ್ರಲ್ಲ, ತುಂಬಾ ಉಪಕಾರ ಆಯ್ತು ಅಂತ ಹೇಳು. ಅಣ್ಣನ ಥರ ಅಂದ್ಕೊಂಡು ಹೇಳ್ಕೊಂಡಿದ್ದೆ ನಾನು."

ಕಲೆಗಾರನ ಹೆಂಡತಿ ಒಂದು ಕ್ಷಣ ಅವಳನ್ನೇ ನೋಡಿದಳು. ಆಮೇಲೆ 'ಕೌಂಟರ್ ಮುಚ್ಚಿದೆ' ಎಂಬ ಫಲಕ ಇಟ್ಟು, ಸಾಲಿನಲ್ಲಿದ್ದವರ ಗೊಣಗಾಟಕ್ಕೆ ಕಿವಿಗೊಡದೆ ಹೊರಗೆ ಬಂದು ಅಕ್ಕನ ಕೈ ಹಿಡಿದುಕೊಂಡಳು.

"ಯಾರು ಹೇಳಿದ್ದು ಅಂತ ಸಾಹೇಬರು ಹೆಸರು ಹೇಳಿದ್ರಾ?"

"ಇಲ್ಲ. ಹೆಸರು ಬೇಡ ಬಿಡಿ, ನಿಮಗೆ ಬೇಕಾದವರೇ ಅಂದ್ರು."

"ಅದಕ್ಕೂ ಮುಂಚೆ, ಇಲ್ಲಿ ನಂಬೋ ಹಾಗಿರೋರು ನೀವೊಬ್ಬರೇ ಅಂದ್ರಾ?"

"ಅದೇ ಮಾತು. ನಿನಗೆ ಹೇಗೆ ಗೊತ್ತಾಯ್ತು?" ಎಂದಳು ಅಕ್ಕ.

ಸಂಜೆ ಹೆಂಡತಿ ಇದನ್ನೆಲ್ಲ ಹೇಳಿದಾಗ ಕಲೆಗಾರ ಗೋಡೆಗೆ ಒರಗಿ ಕೂತ. ಅಕ್ಕನ ಕೈ ನಡುಗುವ ವಿಷಯ ಅವನು ಯಾರಿಗೂ ಹೇಳಿರಲಿಲ್ಲ, ದೇವರಾಣೆ. ಹಾಗಿದ್ದರೆ ಮಾವನೂ ಹೇಳಿರಲಿಕ್ಕಿಲ್ಲ. ಆದರೆ ಮಾವನ ನಿದ್ದೆಯ ವಿಷಯ ಹೇಳಿದವನು ತಾನೇ. ಅದನ್ನು ಹೆಂಡತಿಗೂ ಅಲ್ಲಿಯವರೆಗೆ ಹೇಳಿರಲಿಲ್ಲ. ಈಗ ಹೇಳಿದ. ಅವಳು ಬೈಯಲಿಲ್ಲ. "ನಾಳೆ ಭಾನುವಾರ. ಹೋಗಿ ಬನ್ನಿ," ಎಂದಳು ಅಷ್ಟೆ.

ಮಾವನ ಮನೆ ಒಂದು ಕಿರಿದಾದ ಬೀದಿಯ ಎರಡನೇ ಮಹಡಿಯಲ್ಲಿತ್ತು. ಅವನು ಮೆಟ್ಟಿಲ ಮೇಲೆ ಕೂತು ಮುರಿದ ಕೊಡೆಯ ಕಡ್ಡಿಗೆ ತಂತಿ ಸುತ್ತುತ್ತಿದ್ದ. ಈಗ ಆಸ್ಪತ್ರೆಯೊಂದರ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಕಲೆಗಾರನನ್ನು ಕಂಡು ಅಚ್ಚರಿಪಡಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ನೀನು ಮಲಗ್ತೀಯ ಅಂತ ಹೇಳಿದ್ದು ನಾನು," ಎಂದ ಕಲೆಗಾರ, ಕೂರುವ ಮೊದಲೇ.

"ಮತ್ತಿನ್ಯಾರು? ನಿನ್ನ ಬಿಟ್ರೆ ನೋಡಿದೋರು ಯಾರಿದ್ರು?" ಮಾವ ತಂತಿ ಸುತ್ತುತ್ತಲೇ ಇದ್ದ. "ಹೇಳಿದ್ದಕ್ಕಿಂತ, ಮುಳ್ಳು ನೋಡ್ತಿದ್ದೋನು ನೀನೇ ಅನ್ನೋದನ್ನ ನುಂಗಿದೆಯಲ್ಲ, ಅದು ನೋವಾಯ್ತು."

"ನನ್ನ ಕಣ್ಣಿನ ವಿಷಯ ನೀನು ಹೇಳಿದ್ದೀಯ ಅಂದ್ಕೊಂಡೆ."

"ಕಣ್ಣಿನ ವಿಷಯ ಹೇಳೋಕೆ ಒಬ್ಬ ಬೇರೆ ಬೇಕಾ? ಹೊದಿಕೆಯನ್ನ ಮೂಗಿಗೆ ಉಜ್ಜೋ ಹಾಗೆ ಹಿಡ್ಕೊಂಡು ನೋಡ್ತೀಯ. ಹಾದಿಯಲ್ಲಿ ಹೋಗೋನಿಗೂ ಕಾಣುತ್ತೆ ಕಣೋ ಅದು."

ಕಲೆಗಾರನಿಗೆ ನಗು ಬಂತು, ಅಳುವೂ ಬಂತು. ಆ ದಿನದವರೆಗೂ ಅವನಿಗೆ ಇದು ಹೊಳೆದಿರಲಿಲ್ಲ.

ಮಾವ ಕೊಡೆ ಕೆಳಗಿಟ್ಟ. "ನಾನೂ ಏನ್ ಸಾಚಾ ಅಲ್ಲ. ಹೋಟೆಲಿನೋರು ಬೇಡ ಅಂತ ಬಿಸಾಕಿದ ಟವೆಲ್‌ಗಳನ್ನ ನೀನು ಮನೆಗೆ ತಗೊಂಡು ಹೋಗ್ತೀಯ ಅಂತ ಹೇಳಿದ್ದೆ. ಅವರು ನನಗೆ, ನಿಮ್ಮ ಕಿವಿ ಕೇಳಿಸಲ್ಲ ಅಂತ ಒಬ್ಬರು ಹೇಳಿದ್ರು ಅಂದ್ರು. ನೀನೇ ಅಂದ್ಕೊಂಡೆ. ಅವನು ಹತ್ತಿ ಸಾಹೇಬ ಅಲ್ಲಯ್ಯ, ಹತ್ತಿಸೋ ಸಾಹೇಬ."

ಇಬ್ಬರೂ ನಕ್ಕರು. ಆದರೆ ಟವೆಲಿನ ಮಾತನ್ನು ಕಲೆಗಾರನಿಗೆ ಮರೆಯಲಾಗಲಿಲ್ಲ. ಮಾವನಿಗೂ ಹಾಗೇ ಆಗಿರಬೇಕು. ಟೀ ಕುಡಿಯುತ್ತೀಯಾ ಎಂದು ಕೇಳಿದ. ಬೇಡ ಎಂದಾಗ ಎರಡನೇ ಸಲ ಕೇಳಲಿಲ್ಲ.

ಸೋಮವಾರ ಮಧ್ಯಾಹ್ನದ ಬಿಡುವಿನಲ್ಲಿ ಕಲೆಗಾರನೂ ಮಡಿಕೆ ಅಕ್ಕನೂ ಸೇರಿ ಉಳಿದ ಹಳಬರನ್ನು ಮಡಿಸುವ ಮೇಜಿನ ಸುತ್ತ ಕರೆದರು. ಇದು ಕೂಡ ಸಾಹೇಬರದೇ ಒಂದು ಆಟವೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫೋಟೋ ಹಾಕಿಸಿಕೊಂಡವನ ಮಾತನ್ನು ನಂಬುವುದಾದರೂ ಹೇಗೆ? ಕಲೆಗಾರ ತಾನು ಮಾಡಿದ್ದನ್ನು ಮೊದಲು ಹೇಳಿದ. ಆಮೇಲೆ ಅಕ್ಕ ಹೇಳಿದಳು. ಆಮೇಲೆ ಒಗೆಯುವ ಯಂತ್ರದವನು ನೆಲ ನೋಡುತ್ತಾ, "ನನಗೂ ನೀವೊಬ್ಬರೇ ಅಂದ್ರು," ಎಂದ. ಒಂಬತ್ತು ಮಂದಿಗೂ ಅದೇ ಕುರ್ಚಿ, ಅದೇ ಟೀ, ಅದೇ ಮಾತು. ಅದು ತಿಳಿದಾಗ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಸಾಹೇಬರು ಬಿತ್ತಿದ್ದು ಸುಳ್ಳೇ ಇರಬಹುದು. ಅದನ್ನು ನಂಬಿ ಅವರಲ್ಲಿ ಆರು ಮಂದಿ ನಿಜವಾಗಿಯೂ ಇನ್ನೊಬ್ಬರ ಮೇಲೆ ಏನೋ ಒಂದು ಹೇಳಿ ಬಂದಿದ್ದರು. ಯಾರು ಯಾರ ಮೇಲೆ ಎಂದು ಅಂದು ಎಲ್ಲರೂ ಬಿಚ್ಚಿ ಹೇಳಲಿಲ್ಲ.

ತಿಂಗಳ ಕೊನೆಗೆ ಲಾಂಡ್ರಿಯ ಯಜಮಾನಿ ಬಂದರು. ಅರವತ್ತು ದಾಟಿದ ಹೆಂಗಸು. ತಿಂಗಳಿಗೊಮ್ಮೆ ಬಂದು ಹೊದಿಕೆಗಳನ್ನು ಮೂಸಿ ನೋಡಿ ಹೋಗುತ್ತಿದ್ದರು. ಆ ಸಲ ಮುಗ್ಗಲು ವಾಸನೆ ಅವರ ಮೂಗಿಗೂ ಬಡಿಯಿತು. ದೊಡ್ಡ ಆಸ್ಪತ್ರೆಯವರು ಬೇರೆ ಲಾಂಡ್ರಿ ನೋಡಿಕೊಳ್ಳುತ್ತೇವೆ ಎಂದು ಪತ್ರ ಕಳಿಸಿದ್ದರು. ಯಜಮಾನಿ ಯಂತ್ರಗಳನ್ನು ನಿಲ್ಲಿಸಿ ಎಲ್ಲರನ್ನೂ ಕರೆಸಿದರು.

"ಈಗಿನ ಜನಕ್ಕೆ ನಿಷ್ಠೆ ಅನ್ನೋದಿಲ್ಲ ಮೇಡಂ," ಎಂದರು ಹತ್ತಿ ಸಾಹೇಬರು ಮೆತ್ತಗೆ. "ಎಷ್ಟು ಚೆನ್ನಾಗಿ ನೋಡ್ಕೊಂಡ್ರೂ ಬಿಟ್ಟು ಹೋಗ್ತಾರೆ."

ಕಲೆಗಾರ ಮುಂದೆ ಬಂದ. "ಸಾರ್, ನನ್ನ ಕಣ್ಣು ಸರಿಯಿಲ್ಲ ಅಂತ ನಿಮಗೆ ಒಬ್ಬರು ಹೇಳಿದ್ರಲ್ಲ. ಅವರ ಹೆಸರು ಈಗ ಹೇಳಿ. ಎಲ್ಲರೂ ಇಲ್ಲೇ ಇದ್ದಾರೆ."

ಸಾಹೇಬರು ನಸುನಕ್ಕರು. "ನಾನು ಹಾಗೆ ಅಂದೇ ಇಲ್ವಲ್ಲ."

"ನನ್ನ ಕೈ ನಡುಗುತ್ತೆ ಅಂದೋರು ಯಾರು?" ಎಂದಳು ಮಡಿಕೆ ಅಕ್ಕ. ಆಮೇಲೆ ಒಗೆಯುವವನು. ಆಮೇಲೆ ಇನ್ನೊಬ್ಬಳು. ಒಬ್ಬೊಬ್ಬರೂ ತಮ್ಮ ಗುಟ್ಟನ್ನು ತಾವೇ ಬಯಲಲ್ಲಿಟ್ಟು ಹೆಸರು ಕೇಳಿದರು. ಯಜಮಾನಿ ಯಾರನ್ನೂ ತಡೆಯಲಿಲ್ಲ. ಎಲ್ಲರದೂ ಮುಗಿದ ಮೇಲೆ, "ಹೋದವರ ಮನೆಗಳಿಗೆ ನಾನೇ ಹೋಗಿ ಮಾತಾಡ್ತೀನಿ," ಎಂದರು. ಹೇಳಿದಂತೆ ಹೋದರು ಕೂಡ. ಎಲ್ಲರ ಮನೆಯಲ್ಲೂ ಒಂದೇ ಕತೆ ಕೇಳಿಸಿಕೊಂಡು ಬಂದರಂತೆ.

ಸಾಹೇಬರನ್ನು ಯಾರೂ ಕತ್ತು ಹಿಡಿದು ನೂಕಲಿಲ್ಲ. ಎರಡು ತಿಂಗಳಲ್ಲಿ ಅವರೇ ಬೇರೆ ಕಡೆ, ಇದಕ್ಕಿಂತ ದೊಡ್ಡ ಸಂಸ್ಥೆಗೆ ಹೋದರು. ಕೊನೆಯ ದಿನ ಸಂಜೆ ಬಸ್ಸಿಗೆ ಕಾಯುವಾಗ ಕಲೆಗಾರ ಅವರ ಪಕ್ಕದಲ್ಲೇ ನಿಲ್ಲಬೇಕಾಗಿ ಬಂತು. ತಡೆಯಲಾರದೆ ಕೇಳಿದ: "ಯಾಕ್ ಸಾರ್ ಹಂಗ್ ಮಾಡಿದ್ರಿ?"

ಅವರು ರಸ್ತೆ ನೋಡುತ್ತಾ ಹೇಳಿದರು: "ನಾನು ಮೊದಲು ಕೆಲಸ ಮಾಡಿದ ಕಡೆ ಹನ್ನೆರಡು ಜನ ಒಂದಾಗಿ ನನ್ನನ್ನ ಹೊರಗೆ ಹಾಕಿದ್ರು. ನನ್ನ ತಪ್ಪೇನೂ ಇರಲಿಲ್ಲ. ಜನ ಒಂದಾಗೋಕೆ ಬಿಡಬಾರದು ಅಂತ ಆವತ್ತು ಕಲಿತೆ." ಆಮೇಲೆ ಕಲೆಗಾರನ ಕಡೆ ತಿರುಗಿ ಹೇಳಿದರು: "ಇದನ್ನ ಬೇರೆ ಯಾರಿಗೂ ಹೇಳಿಲ್ಲ. ನಿಮಗೊಬ್ಬರಿಗೇ."

ಬಸ್ಸು ಬಂತು, ಅವರು ಹತ್ತಿ ಹೋದರು. ಆ ಕತೆ ನಿಜವೋ, ಅದನ್ನೂ ಇನ್ನೆಷ್ಟು ಜನರಿಗೆ ಹೇಳಿದ್ದಾರೋ, ಕಲೆಗಾರನಿಗೆ ಇವತ್ತಿಗೂ ಗೊತ್ತಿಲ್ಲ.

ಯಜಮಾನಿ ಹೊರಗಿನವರನ್ನು ತರಲಿಲ್ಲ. ಕಲೆಗಾರನ ಕಣ್ಣಿನ ಪೊರೆ ತೆಗೆಸಿ, ಕೆಲಸದ ಮೇಲ್ವಿಚಾರಣೆಯನ್ನು ಅವನಿಗೇ ವಹಿಸಿದರು. ಅವನು ಮೂರು ದಿನ ಯೋಚಿಸಿ ಒಪ್ಪಿಕೊಂಡ. ಮ್ಯಾನೇಜರ ಕೋಣೆಯಲ್ಲಿ ಸೋಪಿನ ಚೀಲಗಳನ್ನು ಪೇರಿಸಿ ಅದನ್ನು ಉಗ್ರಾಣ ಮಾಡಿದ. ಯಾರಾದರೂ ಹತ್ತಿರ ಬಂದು ದನಿ ತಗ್ಗಿಸಿ "ಅವಳು ಇವತ್ತು..." ಎಂದು ಶುರುಮಾಡಿದರೆ, "ತಡೀರಿ, ಅವಳನ್ನೂ ಕರೀತೀನಿ" ಎನ್ನುತ್ತಿದ್ದ, ಬಂದವರು ಅಲ್ಲಿಂದಲೇ ಮಾಯವಾಗುತ್ತಿದ್ದರು. ಬೈಯಬೇಕಾದಾಗ ಬೈದ. ಚೆನ್ನಾಗಿ ಮಾಡಿದರೆ ಎಲ್ಲರಿಗೂ ಕೇಳುವಂತೆ ಚೆನ್ನಾಗಿದೆ ಎಂದ. ಗುಡುಗಪ್ಪನವರಿಗೆ ಬಾರದಿದ್ದ ಮಾತು ಅದು, ಇವನಿಗೂ ಬಾಯಿಗೆ ಬರಲು ಕಷ್ಟವಾಯಿತು. ಅಕ್ಕತಂಗಿಯರಿಬ್ಬರೂ ಕೆಲಸಕ್ಕೆ ಮರಳಿದರು. ದೊಡ್ಡ ಆಸ್ಪತ್ರೆಯೂ ಉಳಿಯಿತು. ಆ ವರ್ಷ ಕೆಲಸ ಬಿಟ್ಟವನು ಒಬ್ಬನೇ, ಅದೂ ಓದು ಮುಂದುವರಿಸಲು.

ಮಾವ ಮಾತ್ರ ಬರಲಿಲ್ಲ. "ಈ ಆಸ್ಪತ್ರೆಯ ಮ್ಯಾನೇಜರ್ ಬೈತಾನೆ ಕಣಯ್ಯ. ಆದ್ರೆ ನನ್ನ ಮುಖ ನೋಡ್ಕೊಂಡು ಬೈತಾನೆ. ಸಾಕು ನನಗೆ," ಎಂದ. ಈಗಲೂ ಒಮ್ಮೊಮ್ಮೆ ಇಬ್ಬರೂ ಕೂತು ಟೀ ಕುಡಿಯುತ್ತಾರೆ. ಬಸ್ಸಿನ ವಿಷಯ, ಬಿಸಿಲಿನ ವಿಷಯ ಮಾತಾಡುತ್ತಾರೆ. ಗುಟ್ಟಿನ ಮಾತು ಇಬ್ಬರ ಬಾಯಲ್ಲೂ ಬರುವುದಿಲ್ಲ.

ಮೊನ್ನೆ ಮಡಿಕೆ ಅಕ್ಕ ಮೊಮ್ಮಗಳನ್ನು ನೋಡಲು ನಾಲ್ಕು ದಿನ ರಜೆ ಕೇಳಿದಳು. ಕೆಲಸ ಕಡಿಮೆಯಿದ್ದ ವಾರ. ಕಲೆಗಾರ ಒಂದು ಪ್ರಶ್ನೆಯನ್ನೂ ಕೇಳದೆ, "ಐದು ದಿನ ಇದ್ದು ಬನ್ನಿ" ಎಂದ.

ಅಕ್ಕ ಹೋಗಲಿಲ್ಲ. ಕೈಯಲ್ಲಿದ್ದ ಹೊದಿಕೆಯನ್ನು ಎದೆಗವಚಿಕೊಂಡು ಅವನ ಮುಖವನ್ನೇ ನೋಡುತ್ತಾ ನಿಂತಳು.

"ಯಾಕೆ ಐದು?" ಎಂದಳು.

"ಸುಮ್ನೆ ಅಕ್ಕ. ದೂರದ ದಾರಿ ಅಲ್ವಾ, ಅದಕ್ಕೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೇನೇ."

ಅವಳು ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ಬೇಡ, ನಾಲ್ಕೇ ಸಾಕು," ಎಂದು ಹೇಳಿ ತನ್ನ ಮೇಜಿಗೆ ಹೋದಳು.